ಇಳಿಜಾರಿನ ಉಳಿತಾಯ

"ಏನ್ ಸಾರ್, ಗಾಡಿಗೆ ಅಡ್ಡಬೀಳ್ತಿದೀರಾ?" ಅಂದ ಕಾನ್‌ಸ್ಟೇಬಲ್.

ಪೊಲೀಸ್ ಠಾಣೆಯ ಹಿತ್ತಲಿನ ಎಣ್ಣೆ ಕುಡಿದು ಕಪ್ಪಾದ ಮಣ್ಣಿನ ಮೇಲೆ ನಾನು ಬೋರಲು ಮಲಗಿದ್ದೆ. ಮೂಗಿನ ನೇರಕ್ಕೆ ಬಕಾಸುರನ ಮುಂದಿನ ಬಲಚಕ್ರ. ಐವತ್ತು ದಾಟಿದ ಮನುಷ್ಯ ಹಾಗೆ ಮಲಗಿದರೆ ನೋಡುವವರಿಗೆ ಬರುವ ಅನುಮಾನ ಎರಡೇ, ಒಂದು ಭಕ್ತಿ, ಇನ್ನೊಂದು ಹೃದಯಾಘಾತ. ಕಾನ್‌ಸ್ಟೇಬಲ್ ಒಳ್ಳೆಯವನು, ಭಕ್ತಿ ಅಂದುಕೊಂಡ.

ಬಕಾಸುರ ಎಂದರೆ ಸರ್ವೇಯರನ ಜೀಪು. ಭಾನುವಾರ ಬೆಳಿಗ್ಗೆ ಅದು ಗುಡ್ಡದ ಮೇಲಿನ ಪಾಳುಬಿದ್ದ ಕಲ್ಲುಕ್ವಾರಿಯಲ್ಲಿ, ನೀರು ತುಂಬಿದ ಹೊಂಡದ ಪಕ್ಕ ನಿಂತಿತ್ತು. ಕೀಲಿ ಅದರಲ್ಲೇ ಇತ್ತು, ನೀರಿನಂಚಿನಲ್ಲಿ ಸರ್ವೇಯರನ ಚಪ್ಪಲಿ ಇತ್ತು, ಸರ್ವೇಯರ್ ಮಾತ್ರ ಇರಲಿಲ್ಲ. ಹಾರಿಕೊಂಡಿದ್ದಾನೆ ಎಂದರು ಪೊಲೀಸರು. ನನ್ನ ಗಂಡ ಹಾರಿಕೊಳ್ಳುವವರಲ್ಲ, ಎಲ್ಲೋ ಇದ್ದಾರೆ, ಹುಡುಕಿಕೊಡಿ ಎಂದು ಅವನ ಹೆಂಡತಿ ಪತ್ತೇದಾರನಾದ ನನ್ನ ಬಾಗಿಲು ತಟ್ಟಿದ್ದಳು. ಹೊಂಡದಲ್ಲಿ ಹುಡುಕುತ್ತಿರುವ ಮುಳುಗು ತಜ್ಞರು ಇವತ್ತು ಸಂಜೆ ಗಂಟುಮೂಟೆ ಕಟ್ಟುತ್ತಾರೆ. ಆಮೇಲೆ ಅವನನ್ನು ಯಾರೂ ಎಲ್ಲಿಯೂ ಹುಡುಕುವುದಿಲ್ಲ.

ಆ ಹೆಂಡತಿ ಈಗ ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. ಕಣ್ಣಿನ ಆಸ್ಪತ್ರೆಯಲ್ಲಿ ನರ್ಸು. ಊರಿಗೆಲ್ಲ ಆಕೆ ಸಿಸ್ಟರ್, ಸ್ವಂತ ತಮ್ಮ ಒಬ್ಬನಿಗೆ ಮಾತ್ರ ಅಕ್ಕ. ರೋಗಿಗಳ ಕಣ್ಣಿಗೆ ಬಿಡುವ ಪುಟ್ಟ ಟಾರ್ಚನ್ನು ಚಕ್ರದ ನಡುವಿಗೆ ಬಿಟ್ಟು ಹಿಡಿದಿದ್ದಳು. ಕೈ ಅಲುಗುತ್ತಿರಲಿಲ್ಲ. ಮೂರು ರಾತ್ರಿ ನಿದ್ದೆ ಬಿಟ್ಟ ಕಣ್ಣು ಮಾತ್ರ ಆಕೆಯ ಆಸ್ಪತ್ರೆಗೇ ಸೇರಿಸುವ ಹಾಗಿತ್ತು.

"ಏನು ಬರ್ದಿದೆ ನೋಡಿ ಸಿಸ್ಟರ್," ಅಂದೆ. ನನ್ನ ಕನ್ನಡಕ ಎದೆಯ ಕೆಳಗೆ ಸಿಕ್ಕಿಕೊಂಡಿತ್ತು.

"ಫ್ರೀ."

"ಆ ಕಡೆ ಚಕ್ರ?"

ಎದ್ದು ಸುತ್ತಿ ಹೋಗಿ ನೋಡಿದಳು. "ಅದೂ ಫ್ರೀ."

ಇಂಥ ಹಳೇ ಜೀಪುಗಳ ಮುಂದಿನ ಎರಡು ಚಕ್ರಗಳ ನಟ್ಟನಡುವೆ ಡಬ್ಬಿ ಮುಚ್ಚಳದಂಥ ಒಂದು ತಿರುಗಣೆ ಇರುತ್ತದೆ. ಹಬ್ ಅನ್ನುತ್ತಾರೆ. ಒಂದು ಕಡೆ ತಿರುಗಿಸಿದರೆ ಲಾಕ್. ಎಂಜಿನ್ನು ಮುಂದಿನ ಚಕ್ರಗಳನ್ನೂ ದುಡಿಸುತ್ತದೆ, ಗಾಡಿ ಕೆಸರು ಹತ್ತುತ್ತದೆ. ಇನ್ನೊಂದು ಕಡೆ ತಿರುಗಿಸಿದರೆ ಫ್ರೀ. ಆಗ ಮುಂದಿನ ಚಕ್ರಗಳು ಮನೆ ಅಳಿಯನ ಹಾಗೆ, ಜೊತೆಗೆ ಬರುತ್ತವೆ, ದುಡಿಯುವುದಿಲ್ಲ. ಡೀಸೆಲ್ ಸ್ವಲ್ಪ ಉಳಿಯುತ್ತದೆ. ಸೀಟಿನಲ್ಲಿ ಕೂತು ಈ ಕೆಲಸ ಮಾಡಲು ಬರುವುದಿಲ್ಲ. ಇಳಿಯಬೇಕು, ಬಗ್ಗಬೇಕು, ಕೈಯಿಂದ ತಿರುಗಿಸಬೇಕು.

ಇಪ್ಪತ್ತು ವರ್ಷ ಇನ್ಶೂರೆನ್ಸ್ ಕಂಪನಿಗಾಗಿ ನಜ್ಜುಗುಜ್ಜಾದ ಗಾಡಿಗಳ ಹೆಣ ನೋಡಿದವನು ನಾನು. ಮನುಷ್ಯರು ಸತ್ತ ಮೇಲೂ ಸುಳ್ಳು ಹೇಳುತ್ತಾರೆ, ಗಾಡಿಗಳು ಹೇಳುವುದಿಲ್ಲ. ಗೇಜು ತೆಗೆದು ಟೈರಿನ ಗಾಳಿ ನೋಡಿದೆ. ನಾಲ್ಕೂ ಕಲ್ಲಿನಂತೆ ಬಿಗಿಯಾಗಿದ್ದವು.

ಠಾಣೆಗೆ ತಂದ ಮೇಲೆ ಯಾರಾದರೂ ಗಾಳಿ ತುಂಬಿದರಾ ಎಂದು ಕಾನ್‌ಸ್ಟೇಬಲ್‌ನನ್ನು ಕೇಳಿದೆ. ಅವನಿಗೆ ಬೇಜಾರಾಯಿತು. ಯಾರೂ ಏನನ್ನೂ ಮುಟ್ಟಬಾರದೆಂದು ಸಾಹೇಬರ ಆರ್ಡರ್ ಆಗಿತ್ತಂತೆ. ಟ್ರ್ಯಾಕ್ಟರಿಗೆ ಕಟ್ಟಿ ಮೆಲ್ಲಗೆ ಇಳಿಸಿ ತಂದರಂತೆ. ಸ್ಟೇರಿಂಗ್ ಹಿಡಿದು ಕೂತವನೂ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡಿದ್ದನಂತೆ. ಹಬ್ಬು ಗಿಬ್ಬು ಅಂತ ಒಂದಿದೆ ಎನ್ನುವುದೇ ಅವನಿಗೆ ಈಗ ಗೊತ್ತಾಗಿದ್ದು.

ನಾನು ಎದ್ದು ಅಂಗಿ ಒದರಿಕೊಂಡೆ. ಆ ಕ್ವಾರಿ ದಾರಿ ನನಗೆ ಚೆನ್ನಾಗಿ ಗೊತ್ತು. ಸೋಮವಾರ ನನ್ನ ವ್ಯಾನಿನಲ್ಲಿ ಹತ್ತಲು ಹೋಗಿ, ಹತ್ತಿದ್ದಕ್ಕಿಂತ ಹೆಚ್ಚು ಇಳಿದಿದ್ದೆ. ಹೊರಟ ಜಾಗಕ್ಕಿಂತ ಕೆಳಗೆ ಹೋಗಿ ನಿಂತ ಪರ್ವತಾರೋಹಿ ಪ್ರಪಂಚದಲ್ಲಿ ನಾನೊಬ್ಬನೇ. ಸಡಿಲ ಜಲ್ಲಿ, ಅದರ ಕೆಳಗೆ ಜಾರುವ ಕೆಸರು. ಹಬ್ ಲಾಕ್ ಮಾಡಿ, ಟೈರಿನ ಗಾಳಿ ಅರ್ಧ ಇಳಿಸಿ, ಅದು ನೆಲಕ್ಕೆ ಹಲ್ಲಿಯ ಪಾದದಂತೆ ಕಚ್ಚಿಕೊಂಡರೆ ಮಾತ್ರ ಗಾಡಿ ಮೇಲೆ ಹೋಗುತ್ತದೆ. ಬಕಾಸುರ ಮೇಲೆ ಹೋಗಿತ್ತು. ಅಂದರೆ ಹತ್ತುವಾಗ ಹಬ್ ಲಾಕ್ ಆಗಿತ್ತು, ಗಾಳಿ ಇಳಿದಿತ್ತು.

"ಮೇಲೆ ಹೋದ ಮೇಲೆ ಯಾರೋ ಇಳಿದು ಎರಡು ಹಬ್ಬೂ ಫ್ರೀ ಮಾಡಿದ್ದಾರೆ. ನಾಲ್ಕು ಟೈರಿಗೂ ಗಾಳಿ ತುಂಬಿದ್ದಾರೆ," ಅಂದೆ.

ಸಿಸ್ಟರ್ ಟಾರ್ಚು ಆರಿಸಲು ಮರೆತು ನಿಂತಳು.

"ಅದು ಅವರ ರೂಲು," ಅಂದಳು.

ರೂಲಿನ ಕತೆ ಹೇಳಬೇಕಾದರೆ ಬಕಾಸುರನ ಜಾತಕ ಹೇಳಬೇಕು. ಹುಟ್ಟುವಾಗ ಅದು ಸಭ್ಯ ಜೀಪು. ಸರ್ವೇಯರ್ ಅದನ್ನು ಕೊಂಡು, ಭಾಮೈದನ ಗ್ಯಾರೇಜಿನಲ್ಲಿ ಮೇಲಕ್ಕೆತ್ತಿಸಿ, ಎಮ್ಮೆ ಕರುವಿನಷ್ಟು ದಪ್ಪ ಟೈರು ಹಾಕಿಸಿ, ಮೂತಿಗೆ ಕಬ್ಬಿಣದ ದವಡೆ, ನೆತ್ತಿಗೆ ಕಬ್ಬಿಣದ ಮಂಚ ಕಟ್ಟಿಸಿದ. ಗುಡ್ಡ ಕಾಡು ಅಳೆಯುವ ಕೆಲಸಕ್ಕೆ ಬೇಕು ಅಂದ. ಆವತ್ತಿನಿಂದ ಅದು ಕುಡಿಯತೊಡಗಿತು. ಪೆಟ್ರೋಲ್ ಬಂಕಿನ ಮುಂದೆ ಸ್ಟೇರಿಂಗ್ ಬಿಟ್ಟರೆ ತಾನಾಗಿ ಒಳಗೆ ತಿರುಗುತ್ತಿತ್ತು ಅಂದರೆ ನೀವು ನಂಬುವುದಿಲ್ಲ. ಬಂಕಿನವನೇ ನನಗೆ ಹೇಳಿದ್ದು, ಅವನು ಸುಳ್ಳು ಹೇಳುವುದು ಅಳತೆಯಲ್ಲಿ ಮಾತ್ರ.

ಮೈಲೇಜ್ ಅರ್ಧಕ್ಕಿಳಿದಾಗ ಸರ್ವೇಯರನಿಗೆ ಜ್ಞಾನೋದಯವಾಯಿತು. ಜ್ಞಾನ ಬಂದವರ ಜೊತೆ ಸಂಸಾರ ಮಾಡುವುದು ಕಷ್ಟ. ಮೊದಲು ಮಂಚ ಇಳಿಸಿದ. ದವಡೆ ಕೀಳಿಸಿದ. ಪೆಡಲಿನ ಮೇಲೆ ಕಾಲು ಹಗುರ ಬೀಳಲಿ ಎಂದು ಬರಿಗಾಲಲ್ಲಿ ಓಡಿಸತೊಡಗಿದ. ಹೆಂಡತಿ ಊಟದ ಡಬ್ಬಿ ಕೊಟ್ಟರೆ ಸ್ಟೀಲಿನದು ಭಾರ ಅಂತ ವಾಪಸ್ ಕೊಟ್ಟ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಟೈರು ಹಳೇದು ಹಾಕಿದರೆ ಎಲ್ಲ ಸರಿಹೋಗುತ್ತೆ ಭಾವ ಎಂದು ಭಾಮೈದ ಹೇಳಿದನಂತೆ. ಟೈರು ತೆಗೆದರೆ ಗಾಡಿ ತಲೆ ಬೋಳಿಸಿದ ಸಿಂಹದ ಹಾಗೆ ಕಾಣುತ್ತೆ, ಆಗಲ್ಲ ಅಂದನಂತೆ ಭಾವ.

ಗುಡ್ಡ ಹತ್ತುವವರೆಲ್ಲ ಕೆಳಗೆ ಡಾಂಬರು ರಸ್ತೆಗೆ ಬಂದ ಮೇಲೆ ಹಬ್ ಫ್ರೀ ಮಾಡಿ, ಟೈರಿಗೆ ಗಾಳಿ ತುಂಬುತ್ತಾರೆ. ಸರ್ವೇಯರ್ ಮಾತ್ರ ಬೇರೆ ಕಾನೂನು ತಂದಿದ್ದ. ಇಳಿಯುವಾಗ ಮುಂದಿನ ಚಕ್ರ ದುಡಿಯಬೇಕಾಗಿಲ್ಲ, ನೆತ್ತಿಯ ಮೇಲೆಯೇ ಫ್ರೀ ಮಾಡು, ಅಲ್ಲೇ ಗಾಳಿ ತುಂಬು, ಇಳಿಜಾರಿನ ಡೀಸೆಲೂ ಉಳಿಯಲಿ. ಬುದ್ಧಿ ಇದ್ದವರು ಹಾಗೆ ಇಳಿಯುವುದಿಲ್ಲ. ಹಾಗೆ ಇಳಿಯುತ್ತಿದ್ದುದು ಬಕಾಸುರನ ಮನೆಯವರು ಮಾತ್ರ.

"ಸಿಸ್ಟರ್," ಅಂದೆ, "ಬ್ಯಾಟರಿಗೆ ಸಿಕ್ಕಿಸೋ ಆ ಪುಟ್ಟ ಪಂಪಲ್ಲಿ ನಾಲ್ಕು ಟೈರು ತುಂಬೋಕೆ ಅರ್ಧ ಗಂಟೆ ಮೇಲೆ ಬೇಕು. ಸಾಯಕ್ಕೆ ಹೊರಟೋನು ನೀರಿನ ಪಕ್ಕ ಕೂತು ಅರ್ಧ ಗಂಟೆ ಗಾಳಿ ಹೊಡೀತಾನಾ? ವಾಪಸ್ ಬರೋ ದಾರೀಲಿ ಡೀಸೆಲ್ ಉಳಿಸ್ತಾನಾ?"

ಆಕೆ ಬಕಾಸುರನ ಚಕ್ರಕ್ಕೆ ಒರಗಿ ಕೂತುಬಿಟ್ಟಳು. ನಕ್ಕಳು ಅಂತ ಮೊದಲು ಅಂದುಕೊಂಡೆ. ನಗುವೂ ಅಳುವೂ ಒಂದೇ ಬಾಗಿಲಲ್ಲಿ ಒಟ್ಟಿಗೆ ಹೊರಡಲು ಹೋಗಿ ಸಿಕ್ಕಿಕೊಂಡಿದ್ದವು. ಮೂರು ದಿನದಿಂದ ಎಲ್ಲರೂ ಆಕೆಯ ಎದುರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನಿಮ್ಮ ಗಂಡ ವಾಪಸ್ ಬರಲು ತಯಾರಾಗಿದ್ದ ಎಂದು ಹೇಳಿದವನು ನಾನೇ ಮೊದಲಿಗ.

ಕಾನ್‌ಸ್ಟೇಬಲ್ ನೀರು ತಂದುಕೊಟ್ಟ. ಕುಡಿದಳು.

"ಹಾಗಾದ್ರೆ ಅವರು ಮೇಲೆ ಹೋಗಿ, ಇಳಿದು, ಬಗ್ಗಿ..." ಅಂದವಳು ಅಲ್ಲಿಗೇ ನಿಲ್ಲಿಸಿದಳು.

ಲೋಟ ಕೆಳಗಿಟ್ಟಳು.

ಒಳ್ಳೆಯ ಸುದ್ದಿಯ ಆಯಸ್ಸು ಎಷ್ಟು ಎಂದು ಯಾರಾದರೂ ಕೇಳಿದರೆ ನಾನು ಆ ಲೋಟವನ್ನು ತೋರಿಸುತ್ತೇನೆ. ಸರ್ವೇಯರನಿಗೆ ಹೋದ ವರ್ಷ ಬೆನ್ನುಮೂಳೆಯ ಡಿಸ್ಕ್ ಜಾರಿತ್ತಂತೆ. ಅಂಗಿಯ ಒಳಗೆ ಸೊಂಟಕ್ಕೆ ಅಂಗೈ ಅಗಲದ ಪಟ್ಟಿ. ಬಗ್ಗುವ ಹಾಗೇ ಇಲ್ಲ. ಬೂಟಿನ ದಾರ ಕಟ್ಟಲಾಗದೆ ಚಪ್ಪಲಿಗೆ ಇಳಿದ ಮನುಷ್ಯ. ಕಾಲಿನ ಉಗುರು ತೆಗೆಯುತ್ತಿದ್ದುದೂ ಹೆಂಡತಿಯೇ. ಹಬ್ಬಿನ ಕಾನೂನು ಮಾಡಿದವನು ಅವನು, ಕಾನೂನು ಪಾಲಿಸುತ್ತಿದ್ದವರು ಬೇರೆ. ಅವನು ಸೀಟಿನಲ್ಲಿ ನೆಟ್ಟಗೆ ಕೂತು ಕಿಟಕಿಯಿಂದ ಹೇಳುತ್ತಿದ್ದ, ಇನ್ನೊಬ್ಬರು ಇಳಿದು ತಿರುಗಿಸುತ್ತಿದ್ದರು.

"ಯಾರು ತಿರುಗಿಸ್ತಿದ್ರು?" ಎಂದು ಕೇಳಿದೆ. ಕೇಳಬಾರದಾಗಿತ್ತು, ಆದರೆ ಆ ಕೆಲಸಕ್ಕೇ ನನ್ನನ್ನು ಕರೆದಿದ್ದು.

"ರಜಾ ಇದ್ದಾಗ ನಾನು," ಅಂದಳು. "ಮಿಕ್ಕಿದ ದಿನ ನನ್ನ ತಮ್ಮ."

ಶನಿವಾರ ಸಂಜೆ ಆಕೆ ಆಪರೇಷನ್ ಕೋಣೆಯಲ್ಲಿದ್ದಳು. ಅದನ್ನು ನಾನು ಮೊದಲ ದಿನವೇ ಸದ್ದಿಲ್ಲದೆ ವಿಚಾರಿಸಿಕೊಂಡಿದ್ದೆ. ಕೇಳಲು ಬಂದ ಹೆಂಡತಿಯನ್ನೇ ಮೊದಲು ಅನುಮಾನಿಸುವುದು ನಮ್ಮ ಕಸುಬಿನ ಮರ್ಯಾದೆ. ಆ ಸಂಜೆ ಒಬ್ಬರಾದ ಮೇಲೆ ಒಬ್ಬರಂತೆ ಕಣ್ಣಿನ ಪೊರೆ ತೆಗೆಯುವಾಗ ಡಾಕ್ಟರ ಪಕ್ಕ ನಿಂತು ಹತ್ಯಾರ ಕೊಟ್ಟವಳು ಈಕೆ. ಉಳಿದದ್ದು ಒಬ್ಬನೇ. ಅವನ ಹೆಸರೆತ್ತದೆ ಇಬ್ಬರೂ ನನ್ನ ವ್ಯಾನಿನ ಕಡೆಗೆ ನಡೆದೆವು.

"ನೀವು ಕೇಳಿ," ಅಂದಳು ಬಾಗಿಲು ಹಾಕಿಕೊಳ್ಳುತ್ತ. "ನಾನು ಕೇಳಿಸ್ಕೋತೀನಿ."

ದಾರಿಯುದ್ದಕ್ಕೂ ಆಕೆ ಮಾತಾಡಿದ್ದು ಒಂದೇ ಸಂಗತಿ. ತಾಯಿ ಇಲ್ಲದ ತಮ್ಮನನ್ನು ಆಕೆಯೇ ಸಾಕಿದ್ದು. ಆಟಿಕೆ ಕೊಡಿಸಿದರೆ ಬಿಚ್ಚಿಬಿಡುತ್ತಿದ್ದನಂತೆ. ಗಡಿಯಾರ, ರೇಡಿಯೋ, ಹೊಲಿಗೆ ಯಂತ್ರ, ಎಲ್ಲ ಬಿಚ್ಚಿ, ಮತ್ತೆ ಜೋಡಿಸಿ, ಒಂದು ಸ್ಕ್ರೂ ಮಿಗಿಸಿ ಅಕ್ಕನ ಕೈಗೆ ಕೊಡುತ್ತಿದ್ದನಂತೆ. ಬೈಸಿಕೊಂಡ ಮೇಲೆ ಆ ಸ್ಕ್ರೂ ಎಲ್ಲಿಯದೆಂದು ಹೇಳುತ್ತಿದ್ದನಂತೆ. ಮದುವೆಯಾಗಿ ಬಂದ ಭಾವ ಅವನಿಗೆ ಗ್ಯಾರೇಜು ಹಾಕಿಸಿಕೊಟ್ಟ. ಅಂದಿನಿಂದ ಊರಿನಲ್ಲಿ ಅವನ ಹೆಸರು ಸ್ಪ್ಯಾನರ್.

ನಾನು ಹೂಂ ಹೂಂ ಅನ್ನುತ್ತ ಓಡಿಸಿದೆ. ನನ್ನ ಹತ್ತಿರವೂ ಒಂದು ಸ್ಕ್ರೂ ಮಿಕ್ಕಿತ್ತು, ಅದನ್ನು ಆಕೆಗೆ ತೋರಿಸಿರಲಿಲ್ಲ.

ಗ್ಯಾರೇಜೆಂದರೆ ತಗಡಿನ ಒಂದು ಉದ್ದ ಛಾವಣಿ, ಒಂದು ಗುಂಡಿ, ಗೋಡೆಯ ತುಂಬ ಮೊಳೆಗೆ ನೇತುಹಾಕಿದ ಹತ್ಯಾರಗಳು. ಪ್ರತಿ ಹತ್ಯಾರದ ಹಿಂದೆ ಗೋಡೆಯ ಮೇಲೆ ಅದರದೇ ಆಕಾರ ಬಣ್ಣದಲ್ಲಿ ಬರೆದಿತ್ತು, ತೆಗೆದದ್ದು ವಾಪಸ್ ಅದೇ ಜಾಗಕ್ಕೆ ಬರಲಿ ಎಂದು. ಮೂಲೆಯಲ್ಲಿ ಬಕಾಸುರನ ಕಬ್ಬಿಣದ ಮಂಚ, ದವಡೆ ಒಂದರ ಮೇಲೊಂದು ಬಿದ್ದಿದ್ದವು. ಒಂದು ಹಾಲಿನ ವ್ಯಾನಿನ ಕೆಳಗಿನಿಂದ ಎರಡು ಕಾಲು ಹೊರಗೆ ಬಂದಿದ್ದವು.

ನಾನು ಒಂದು ಟೈರು ಎಳೆದುಕೊಂಡು ಕಾಲುಗಳ ಪಕ್ಕ ಕೂತೆ. ಸಿಸ್ಟರ್ ಬಾಗಿಲ ಹತ್ತಿರವೇ ನಿಂತಳು.

"ಸ್ಪ್ಯಾನರ್, ಬಕಾಸುರನ ಹಬ್ ನೋಡ್ಕೊಂಡು ಬಂದೆ."

ಕೆಳಗಿನ ಸದ್ದು ನಿಲ್ಲಲಿಲ್ಲ. "ಪತ್ತೇದಾರ್ ಸಾರ್‌ಗೆ ಬೇರೆ ಕೆಲ್ಸ ಇಲ್ವಾ? ನಂಗಿದೆ. ಮಧ್ಯಾಹ್ನ ಹಾಲಿನವನು ಬರ್ತಾನೆ."

"ಫ್ರೀ ಆಗಿದೆ. ಗಾಳೀನೂ ತುಂಬಿದೆ."

"ಭಾವನ ಅಭ್ಯಾಸ ಅದು. ಎಲ್ರಿಗೂ ಗೊತ್ತು."

"ಭಾವನ ಸೊಂಟದ ಪಟ್ಟಿ ವಿಚಾರಾನೂ ಎಲ್ರಿಗೂ ಗೊತ್ತಾ?"

ಸದ್ದು ನಿಂತಿತು. ಕಾಲಿನ ಹೆಬ್ಬೆರಳು ಮಾತ್ರ ಒಮ್ಮೆ ಮಡಚಿ ಬಿಚ್ಚಿಕೊಂಡಿತು. ಅನುಭವದಿಂದ ಹೇಳುತ್ತೇನೆ, ಮುಖಕ್ಕಿಂತ ಕಾಲನ್ನು ವಿಚಾರಣೆ ಮಾಡುವುದು ಸುಲಭ. ಮುಖಕ್ಕೆ ನಟನೆ ಗೊತ್ತಿರುತ್ತದೆ.

ಆಗ ನಾನು ಮಿಕ್ಕಿದ್ದ ಸ್ಕ್ರೂ ಹೊರಗಿಟ್ಟೆ. ಪಕ್ಕದ ವೆಲ್ಡಿಂಗ್ ಅಂಗಡಿಯವನು ಬೆಳಿಗ್ಗೆ ನನಗೆ ಹೇಳಿದ್ದ ಸಂಗತಿ ಅದು. ಶನಿವಾರ ಮಧ್ಯಾಹ್ನ ಭಾವ ಭಾಮೈದರ ನಡುವೆ ಇಲ್ಲಿ ದೊಡ್ಡ ಜಗಳ ನಡೆದಿತ್ತು, ಗಿರಾಕಿಗಳ ಎದುರಿಗೇ.

ಜಗಳ ಮೈಲೇಜಿನದು. ಟೈರು ದೊಡ್ಡದಾದರೆ ಚಕ್ರ ಒಂದು ಸುತ್ತಿಗೆ ಮೊದಲಿಗಿಂತ ಹೆಚ್ಚು ದೂರ ಹೋಗುತ್ತದೆ. ಈ ಸುದ್ದಿಯನ್ನು ಮೀಟರಿಗೆ ಯಾರೂ ಹೇಳಿರುವುದಿಲ್ಲ. ಅದು ಹಳೇ ಟೈರಿನ ಲೆಕ್ಕದಲ್ಲೇ ಕಡಿಮೆ ದೂರ ತೋರಿಸುತ್ತಿರುತ್ತದೆ. ದೂರ ಕಡಿಮೆ ತೋರಿಸಿದರೆ ಮೈಲೇಜೂ ಕಡಿಮೆ ಕಾಣುತ್ತದೆ. ಸರ್ವೇಯರ್ ಒಂದು ವರ್ಷದಿಂದ ಮಂಚ ಇಳಿಸಿ, ದವಡೆ ಕಿತ್ತು, ಬರಿಗಾಲಾಗಿ, ಹೆಂಡತಿಯ ಸ್ಟೀಲ್ ಡಬ್ಬಿ ಬಿಟ್ಟು ಹೋರಾಡಿದ್ದು ಒಂದಿಷ್ಟು ಗಾಡಿಯ ಹಸಿವಿನ ಜೊತೆ, ಮಿಕ್ಕಿದ್ದು ಮೀಟರಿನ ಸುಳ್ಳಿನ ಜೊತೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ.

ಭಾವನ ಕಸುಬೇ ದೂರ ಅಳೆಯುವುದು. ನಿಮ್ಮ ಅಳತೇನೇ ತಪ್ಪು ಎಂದು ಭಾಮೈದ ಹತ್ತು ಜನರ ಎದುರು ಹೇಳಿ ನಕ್ಕ. ಗಿರಾಕಿಗಳೂ ನಕ್ಕರು. ಈ ಗ್ಯಾರೇಜು ಹಾಕಿಸಿಕೊಟ್ಟವನು ಯಾರು ಎಂದು ಭಾವ ಕೇಳಿದ. ಆಮೇಲೆ ಯಾರೂ ನಗಲಿಲ್ಲ. ಬಕಾಸುರನನ್ನು ಅಲ್ಲೇ ಬಿಟ್ಟು ಸರ್ವೇಯರ್ ನಡೆದುಕೊಂಡು ಹೊರಟುಹೋದ. ಜೀಪು ಆಮೇಲೆ ಗ್ಯಾರೇಜಿನಿಂದ ಯಾವಾಗ ಹೊರಟಿತೋ ವೆಲ್ಡಿಂಗಿನವನು ನೋಡಿಲ್ಲ, ಆದರೆ ಅಂಗಡಿ ಮುಚ್ಚುವಾಗ ಅದು ಅಲ್ಲಿರಲಿಲ್ಲ.

ಇಷ್ಟನ್ನೂ ನಾನು ಕಾಲುಗಳಿಗೆ ಹೇಳಿದೆ.

ಅವನು ಮಲಗಿದ್ದ ಹಲಗೆಯ ಚಕ್ರಗಳು ಕಿರುಗುಟ್ಟಿದವು. ಸ್ಪ್ಯಾನರ್ ವ್ಯಾನಿನ ಕೆಳಗಿನಿಂದ ಜಾರಿ ಬಂದ. ಮೂವತ್ತರ ಹತ್ತಿರದ ಆಳು, ಹುಬ್ಬಿನವರೆಗೂ ಗ್ರೀಸು. ಎದ್ದು ಕೂತವನು ನನ್ನನ್ನು ನೋಡಲಿಲ್ಲ. ಬಾಗಿಲಲ್ಲಿ ನಿಂತ ಅಕ್ಕನನ್ನು ನೋಡಿದ. ಆಕೆ ಬಂದಿರುವುದು ಅವನಿಗೆ ಗೊತ್ತಿರಲಿಲ್ಲ.

"ಜಗಳ ಆಡಿದ್ದು ನಂಗ್ಯಾಕೋ ಹೇಳ್ಲಿಲ್ಲ?" ಅಂದಳು.

ಅವನು ಬಟ್ಟೆ ಚೂರಿನಿಂದ ಕೈ ಒರೆಸತೊಡಗಿದ. ಆ ಬಟ್ಟೆ ಕೈಗಿಂತ ಕೊಳಕಾಗಿತ್ತು.

"ಗಾಡಿ ಮೇಲೆ ತಗೊಂಡು ಹೋಗಿದ್ದು ನೀನೇನಾ?"

"ಹೂಂ ಅಕ್ಕ."

ಸಿಸ್ಟರ್ ಒಳಗೆ ಬಂದಳು. ಹಾಲಿನ ವ್ಯಾನಿಗೆ ಒಂದು ಕೈ ಕೊಟ್ಟು ನಿಂತಳು. ಕೂಗಾಡುತ್ತಾಳೆ ಅಂದುಕೊಂಡೆ. ಆಕೆಯ ದನಿ ರೋಗಿಗೆ ರೆಪ್ಪೆ ಬಡಿಯಬೇಡಿ ಅನ್ನುವಾಗ ಎಷ್ಟಿರುತ್ತದೋ ಅಷ್ಟೇ ಇತ್ತು.

"ನಿನ್ನ ಭಾವ ಬದುಕಿದಾರಾ? ನಂಗೆ ಅಷ್ಟು ಹೇಳು ಸಾಕು. ಬೇರೇನೂ ಕೇಳಲ್ಲ."

"ಗೊತ್ತಿಲ್ಲ ಅಕ್ಕ. ಆಣೆಗೂ ಗೊತ್ತಿಲ್ಲ."

ಆಮೇಲೆ ಅವನು ಹೇಳಿದ್ದು ಹೀಗೆ. ಜಗಳವಾದ ಸಂಜೆ ಭಾವನ ಫೋನು ಬಂತು. ಸಿಟ್ಟು ಇಳಿದ ದನಿ. ಕ್ವಾರಿಯ ಮೇಲಿದ್ದೇನೆ, ಜೀಪು ತಗೊಂಡು ಬಾ, ಇಬ್ಬರೂ ಒಟ್ಟಿಗೆ ಇಳಿಯೋಣ, ಇಳಿಜಾರಿನಲ್ಲಿ ಎಷ್ಟು ಉಳಿಯುತ್ತೆ ಅಂತ ನಿನ್ನ ಕಣ್ಣಿಗೇ ತೋರಿಸ್ತೀನಿ ಅಂದರಂತೆ. ಇವನು ಹೋದ. ಮೇಲೆ ಯಾರೂ ಇರಲಿಲ್ಲ. ಕೂಗಿದ. ಹೊಂಡದ ಆ ದಂಡೆಯ ಬಂಡೆ ಇವನ ದನಿಯನ್ನೇ ವಾಪಸ್ ಕೊಟ್ಟಿತು. ಬರಬಹುದು ಎಂದು ಕಾದ.

"ಗಾಳಿ ಯಾಕೆ ತುಂಬಿದೆ?" ಎಂದು ಕೇಳಿದೆ.

"ಕಾಯ್ತಿದ್ನಲ್ಲ ಸಾರ್. ಸುಮ್ನೆ ಕೂರಕ್ಕೆ ಬರಲ್ಲ ನಂಗೆ. ಗಾಡಿ ನೆತ್ತಿ ಮೇಲೆ ನಿಂತ್ರೆ ಕೈ ತಾನೇ ಹಬ್ಬಿಗೆ ಹೋಗತ್ತೆ. ಒಂದು ವರ್ಷದಿಂದ ಬೈಸ್ಕೊಂಡು ಕಲ್ತಿದ್ದು."

ಕತ್ತಲಾದ ಮೇಲೆ, ಭಾವ ಮುನಿಸಿಕೊಂಡು ಆಟವಾಡಿಸುತ್ತಿದ್ದಾರೆ ಎಂದು ಇವನಿಗೂ ಸಿಟ್ಟು ಬಂತಂತೆ. ಕೀಲಿ ಗಾಡಿಯಲ್ಲೇ ಬಿಟ್ಟು, ಬೇಕಾದರೆ ಅವರೇ ತಂದುಕೊಳ್ಳಲಿ ಎಂದು ನಡೆದು ಇಳಿದುಬಂದ. ಬೆಳಿಗ್ಗೆ ನೋಡಿದರೆ ಕ್ವಾರಿಯಲ್ಲಿ ಪೊಲೀಸರು. ನೀರಿನಂಚಿನಲ್ಲಿ ಚಪ್ಪಲಿ. ರಾತ್ರಿ ತಾನಿದ್ದಾಗ ಆ ಚಪ್ಪಲಿ ಅಲ್ಲಿತ್ತೋ ಇಲ್ಲವೋ, ಕತ್ತಲಲ್ಲಿ ನೋಡಲಿಲ್ಲ. ಜಗಳ ಹತ್ತು ಜನರಿಗೆ ಗೊತ್ತು, ಗಾಡಿ ತಂದವನು ನಾನು ಎಂದರೆ ಯಾರು ನಂಬುತ್ತಾರೆ? ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ತಳ್ಳಿದ.

ಕತೆ ಚೆನ್ನಾಗಿತ್ತು. ಕತೆ ಕಟ್ಟುವವನಿಗೆ ಇನ್ನೊಬ್ಬರ ಕತೆಯ ಹೊಲಿಗೆ ಬೇಗ ಕಾಣುತ್ತದೆ. ಇದರಲ್ಲಿ ಒಂದು ಕಡೆ ದಾರ ಬಿಟ್ಟಿತ್ತು.

"ಬಗ್ಗಿ ಚಪ್ಪಲಿ ಎತ್ಕೊಳಕ್ಕಾಗದ ಮನುಷ್ಯ ಆ ಗುಡ್ಡ ಹೇಗೆ ಹತ್ತಿದ ಮಾರಾಯ? ಗಾಡಿ ಇಲ್ಲಿತ್ತಲ್ಲ."

ಅವನು ಬಟ್ಟೆಯನ್ನು ಮಡಚಿದ, ಮತ್ತೆ ಬಿಚ್ಚಿದ. "ಅದೇ ನಂಗೂ ಗೊತ್ತಾಗ್ತಿಲ್ಲ."

ಸಿಸ್ಟರ್ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಆಕೆ ಹಿಡಿದುಕೊಂಡದ್ದು ಒಂದೇ ಎಳೆ.

"ಅಂದ್ರೆ ಅವರು ನೀರಿನ ಹತ್ರ ಇದ್ದಿದ್ದನ್ನ ಯಾರೂ ನೋಡಿಲ್ಲ," ಅಂದಳು. "ಗಾಡಿ ತಂದಿದ್ದೇ ಅವರಲ್ಲ. ಎಲ್ಲೋ ಗುಡ್ಡದಲ್ಲಿ ಬಿದ್ದಿರಬೋದು. ಸೊಂಟ ಹಿಡ್ಕೊಂಡು, ಏಳಕ್ಕಾಗದೆ. ಇವರು ಮೂರು ದಿನದಿಂದ ನೀರಲ್ಲಿ ಹುಡುಕ್ತಿದಾರೆ."

ಮೂರು ದಿನ ಎಂದಾಗ ಆಕೆಯ ದನಿ ಮೊದಲ ಸಲ ಅಲುಗಿತು. ಮನುಷ್ಯನ ಮೈ ಎಷ್ಟು ಹೊತ್ತು ತಡೆಯುತ್ತದೆಂದು ನರ್ಸಿಗೆ ನಾವು ಹೇಳಬೇಕಾಗಿಲ್ಲ.

ಇನ್ಸ್‌ಪೆಕ್ಟರಿಗೆ ಈಗಲೇ ಹೇಳೋಣ ಅಂದಳು. ಹೇಳಿದರೆ ತಮ್ಮನ ಗತಿ ಏನೆಂದು ನಾನು ಕೇಳಲಿಲ್ಲ, ಆಕೆಗೂ ಅದು ತಿಳಿದಿತ್ತು. ಆಕೆ ಕೈಚೀಲದಿಂದ ಫೋನು ತೆಗೆಯುವಷ್ಟರಲ್ಲಿ ಅದೇ ಬಡಿದುಕೊಂಡಿತು. ಇನ್ಸ್‌ಪೆಕ್ಟರೇ. ನನಗೂ ಕೇಳಲಿ ಎಂದು ಸ್ಪೀಕರ್ ಒತ್ತಿದಳು.

ಇನ್ಸ್‌ಪೆಕ್ಟರ್ ಕೆಟ್ಟವರಲ್ಲ. ಬೇರೆಯವರ ದುಃಖವನ್ನು ಆಫೀಸು ಮುಚ್ಚುವುದರೊಳಗೆ ಮುಗಿಸುವ ಅಭ್ಯಾಸ, ಅಷ್ಟೇ. ಹೊಂಡ ತುಂಬ ಆಳ, ಕೆಳಗೆ ಕಲ್ಲಿನ ಸಂದುಗಳು, ಹುಡುಗರು ಎಷ್ಟು ಮುಳುಗಿದರೂ ಸಿಗಲಿಲ್ಲ, ತಾನಾಗಿ ಮೇಲೆ ಬಂದರೆ ಬಂತು ಎಂದರು. ಆ ಕೊನೆಯ ಮಾತಿಗೆ ತಾವೇ ಕೆಮ್ಮಿದರು.

ಸಿಸ್ಟರ್ ಬೇಡಿಕೊಂಡಳು. ಗುಡ್ಡದಲ್ಲಿ ಹುಡುಕಿಸಿ, ಅವರು ನೀರಿಗೆ ಹೋಗಿಯೇ ಇಲ್ಲ ಅಂದಳು. ತಮ್ಮನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಬಂದು ಅಲ್ಲೇ ನಿಂತಿತ್ತು. ನಾನು ಬಾಯಿ ಹಾಕಿ ಹಬ್ಬಿನ ವಿಷಯ ಹೇಳಿದೆ. ಇನ್ಸ್‌ಪೆಕ್ಟರ್ ತಾಳ್ಮೆಯಿಂದ ಕೇಳಿ, ಚಕ್ರದ ಬಿರಡೆ ನೋಡಿಕೊಂಡು ಇಡೀ ಗುಡ್ಡ ಅಗೆಯಲು ಹೇಳುತ್ತಿದ್ದೀರಾ ಎಂದರು.

"ನೋಡಿ ಸಿಸ್ಟರ್, ಕೊಲೆ ಕೇಸು ಅಂದ್ರೆ ನಾಯಿ ತರಿಸ್ತೀನಿ. ನೂರು ಜನ ಬಿಟ್ಟು ಗುಡ್ಡ ಜಾಲಾಡಿಸ್ತೀನಿ. ಇದು ಹಾಗಲ್ವಲ್ಲ. ನೀವು ಮನೆಗೆ ಹೋಗಿ ರೆಸ್ಟ್ ತಗೊಳ್ಳಿ."

ಪಕ್ಕದ ಅಂಗಡಿಯ ವೆಲ್ಡಿಂಗಿನ ನೀಲಿ ಬೆಳಕು ತಗಡಿನ ಸಂದಿನಿಂದ ಒಮ್ಮೆ ಬಂದು ಹೋಯಿತು.

ಸ್ಪ್ಯಾನರ್ ಎದ್ದ. ಬಟ್ಟೆ ಚೂರನ್ನು ಗೋಡೆಯ ಮೊಳೆಗೆ, ಅದರ ಜಾಗಕ್ಕೆ, ಸರಿಯಾಗಿ ಸಿಕ್ಕಿಸಿದ. ಅಕ್ಕನ ಕೈಯಿಂದ ಫೋನು ತೆಗೆದುಕೊಂಡ. ಮಕ್ಕಳ ಕೈಯಿಂದ ಕತ್ತರಿ ತೆಗೆದುಕೊಳ್ಳುವಷ್ಟು ಮೆತ್ತಗೆ.

"ಸಾರ್, ನಾನು ಅವರ ಭಾಮೈದ. ಕೊಲೆ ಕೇಸೇ ಬರ್ಕೊಳ್ಳಿ. ಮಾಡಿದ್ದು ನಾನು."

ಸಿಸ್ಟರ್ ಅವನ ಮುಖ ನೋಡಿದಳು. ಒಂದು ಗಳಿಗೆ ಏನೂ ಅರ್ಥವಾಗದವಳ ಹಾಗೆ. ಮರುಗಳಿಗೆಗೆ ಅರ್ಥವಾಯಿತು, ನನಗೂ ಆಯಿತು. ಕೊಲೆಯಾದರೆ ಗುಡ್ಡ ಹುಡುಕುತ್ತಾರೆ. ಹಾಗಾದರೆ ಕೊಲೆಯಾಗಲಿ. ಭಾವ ಬದುಕಿ ಸಿಕ್ಕರೆ ಇವನ ಸುಳ್ಳು ತಾನಾಗಿ ಬಿದ್ದುಹೋಗುತ್ತದೆ, ಸಿಗದಿದ್ದರೆ ಇವನು ಒಳಗೆ. ಅಕ್ಕನಿಗಾಗಿ ಆ ಮೂರ್ಖ ತನ್ನ ಜೀವವನ್ನೇ ಜಾಕಿನಂತೆ ಗುಡ್ಡದ ಕೆಳಗೆ ಕೊಡುತ್ತಿದ್ದ. ಇಂಥ ದೊಡ್ಡ ಸುಳ್ಳನ್ನು ಇಷ್ಟು ಸಣ್ಣ ದನಿಯಲ್ಲಿ ಹೇಳಲು ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ಸಿಸ್ಟರ್ ಅವನ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದು. ಇನ್ಸ್‌ಪೆಕ್ಟರ ದನಿಯೇ ಬದಲಾಗಿತ್ತು.

"ಎಲ್ಲಿದೆ ಬಾಡಿ?"

"ನೀರಲ್ಲಿಲ್ಲ ಸಾರ್. ಗುಡ್ಡದಲ್ಲಿ."

"ಗುಡ್ಡದಲ್ಲಿ ಎಲ್ಲಿ?"

ಗೊತ್ತಿಲ್ಲ ಅನ್ನು, ಕತ್ತಲಾಗಿತ್ತು ಅನ್ನು ಎಂದು ನಾನು ಮನಸ್ಸಿನಲ್ಲೇ ಅವನಿಗೆ ಹೇಳಿಕೊಟ್ಟೆ. ಜಾಗ ಗೊತ್ತಿಲ್ಲ ಅಂದರೆ ತಾನೇ ಇಡೀ ಗುಡ್ಡ ಹುಡುಕುವುದು.

ಸ್ಪ್ಯಾನರ್ ಯೋಚಿಸಲಿಲ್ಲ.

"ಹಳೇ ಕ್ರಷರ್ ಇದೆಯಲ್ಲ ಸಾರ್, ಅದರ ಎಡಕ್ಕೆ ಕಾಲುದಾರಿ ಇಳಿಯತ್ತೆ. ಕೆಳಗೆ ಜಲ್ಲಿ ತುಂಬೋ ತೊಟ್ಟಿ. ತುಕ್ಕು ಹಿಡಿದಿರೋ ತಗಡು ಮುಚ್ಚಿದೆ, ಮೇಲೆ ಒಂದು ಕಲ್ಲಿಟ್ಟಿದೆ. ಕಲ್ಲು ಕೈಯಲ್ಲಿ ಎತ್ತಕ್ಕಾಗಲ್ಲ, ಹಾರೆ ಹಾಕಿ ಉರುಳಿಸ್ಬೇಕು."

ಇನ್ಸ್‌ಪೆಕ್ಟರ್ ಏನೋ ಕೂಗುತ್ತಿದ್ದರು, ಫೋನಿಗಲ್ಲ, ಕೋಣೆಯಲ್ಲಿದ್ದವರಿಗೆ. ಸಿಸ್ಟರ್ ತಮ್ಮನ ತೋಳಿನ ಮೇಲಿದ್ದ ಒಂದು ಕೈ ತೆಗೆದಳು. ಆಮೇಲೆ ಇನ್ನೊಂದು.